ತುಂಗಭದ್ರೆಯ ಹರಿಗೋಲು: ಐದು ಶತಮಾನಗಳ ಸೇವೆ

ವಿಜಯನಗರದ ಅರಸ ಬುಕ್ಕರಾಯರ ಹೆಸರು ಹೊತ್ತ ನಮ್ಮ ಬುಕ್ಕಸಾಗರಕ್ಕೂ ಆಚೆ ದಡದ ಕಡೆಬಾಗಿಲಿಗೂ ನಡುವೆ ಇರುವುದು ಒಂದೇ ಹೊಳೆ. ತುಂಗಭದ್ರೆಯ ಈ ಸೀಮೆಯಲ್ಲಿ ಬಂಧು-ಬಳಗ, ಸಂತೆ, ಜಾತ್ರೆಗಳನ್ನು ಎರಡು ದಡಕ್ಕೂ ಹಂಚಿಕೊಟ್ಟದ್ದು ಹರಿಗೋಲು. ಜನರನ್ನೂ ಸರಕನ್ನೂ ಒಟ್ಟಿಗೆ ಹೊತ್ತ ಈ ಸಾರಿಗೆಗೆ ಕಚೇರಿಯಿರಲಿಲ್ಲ, ನಾಮಫಲಕವಿರಲಿಲ್ಲ. ಆದರೂ ಅದೊಂದು ಸಂಸ್ಥೆ. ಅದರ ಋಣದಲ್ಲಿ ನಾವೆಲ್ಲರೂ ಇದ್ದೇವೆ.

ಈ ವೃತ್ತಿಯ ಹಿರಿಮೆ ದೊಡ್ಡದು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರು ಕಾಯಕದಿಂದಲೇ ಹೆಸರು ಪಡೆದವರು. ಅವರ ನೆನಪನ್ನು ಉಳಿಸಿಕೊಂಡಿರುವ ಚೌಡದಾನಪುರವೂ ಇದೇ ಹೊಳೆಯ ದಡದಲ್ಲಿದೆ.

ನಮ್ಮ ಭಾಗದ ಹರಿಗೋಲಿಗೆ ಸ್ಪಷ್ಟ ದಾಖಲೆ ದೊರೆಯುವುದು ಸುಮಾರು 1520ರಲ್ಲಿ, ಶ್ರೀಕೃಷ್ಣದೇವರಾಯರ ಆಳ್ವಿಕೆಯಲ್ಲಿ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆಚೆ ದಡದ ಆನೆಗೊಂದಿಗೆ ಜನ ದಾಟುವ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದ. ಬೆತ್ತದಲ್ಲಿ ಹೆಣೆದು ಹೊರಗೆ ತೊಗಲು ಹೊದಿಸಿದ ಅವು ಹದಿನೈದು-ಇಪ್ಪತ್ತು ಮಂದಿಯನ್ನು ಒಯ್ಯುತ್ತಿದ್ದವು. ಬೇಕಾದಾಗ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದವು. ನೇರ ಹೋಗದೆ ಸುತ್ತುತ್ತಲೇ ಸಾಗುವ ಅವುಗಳ ನಡೆಯನ್ನೂ ಅವನು ಬರೆದಿಟ್ಟ. ಅವನಿಗಿಂತ ಸುಮಾರು ಎರಡು ಸಾವಿರ ವರ್ಷ ಮೊದಲು ಗ್ರೀಸಿನ ಹೆರೊಡೊಟಸ್ ಬ್ಯಾಬಿಲೋನಿಗೆ ಸರಕು ತರುತ್ತಿದ್ದ ತೊಗಲಿನ ದುಂಡು ದೋಣಿಗಳನ್ನು, ಅವುಗಳಲ್ಲಿ ಕತ್ತೆಯನ್ನೂ ಹತ್ತಿಸಿಕೊಳ್ಳುವುದನ್ನು ಬಣ್ಣಿಸಿದ್ದಾನೆ. ನಮ್ಮ ಹರಿಗೋಲಿಗೆ ದೂರದ ನಂಟರೂ ಇದ್ದಾರೆ.

ಈ ಆಕಾರವನ್ನು ಕಂಡುಕೊಂಡ ಹಿರಿಯರ ಜಾಣ್ಮೆ ಹೊಳೆಯನ್ನು ನೋಡಿದವರಿಗೇ ತಿಳಿಯುತ್ತದೆ. ಇಲ್ಲಿ ನೀರಿನ ತುಂಬ ಬಂಡೆ, ಕೊರಕಲು, ಸುಳಿ. ಚಪ್ಪಟೆ ತಳದ ಹರಿಗೋಲು ಮೊಳಕಾಲುದ್ದ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ತಿರುಗಿ ಸರಿಯುತ್ತದೆ. ಒಬ್ಬ ಅಂಬಿಗ, ಒಂದು ಹುಟ್ಟು ಸಾಕು. ಕೆಲಸ ಮುಗಿದ ಮೇಲೆ ದಡಕ್ಕೆಳೆದು ಮಗುಚಿ ಒಣಗಿಸಿದರಾಯಿತು. ಕಾಲ ಬದಲಾದಂತೆ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು. ಹೆಣಿಗೆ ಮಾತ್ರ ಬದಲಾಗಲಿಲ್ಲ.

1565ರ ಯುದ್ಧದ ನಂತರ ವಿಜಯನಗರದ ರಾಜಧಾನಿ ಹಂಪಿ ಹಾಳಾಯಿತು. ವಿಠ್ಠಲ ದೇವಾಲಯದ ಬಳಿಯ ಹಳೆಯ ಸೇತುವೆಯಲ್ಲಿ ಈಗ ಉಳಿದಿರುವುದು ಕಲ್ಲುಕಂಬಗಳ ಸಾಲು. ಆದರೆ ಹರಿಗೋಲು ನಿಲ್ಲಲಿಲ್ಲ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಈಚೆ ದಡ ಮದರಾಸಿಗೆ ಸೇರಿತು, ಆಚೆ ದಡ ಹೈದರಾಬಾದಿನಲ್ಲೇ ಉಳಿಯಿತು. ಹೊಳೆ ಎರಡು ಸರ್ಕಾರಗಳ ಗಡಿಯಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, 1956ರ ನವೆಂಬರ್ 1ರಂದು ಎರಡೂ ದಡ ಒಂದೇ ರಾಜ್ಯವಾಗುವವರೆಗೆ, ಕನ್ನಡದ ನೆಂಟಸ್ತನವನ್ನು ಕಾಯ್ದವರಲ್ಲಿ ಅಂಬಿಗರು ಮೊದಲಿಗರು.

ಅದೇ 1953ರಲ್ಲಿ ಮೇಲೆ ಮಲ್ಲಾಪುರದ ಬಳಿ ಅಣೆಕಟ್ಟೆ ನೀರು ಹಿಡಿಯಿತು. ಅಂದಿನಿಂದ ಅಂಬಿಗರು ಮುಗಿಲಿನ ಜೊತೆಗೆ ಗೇಟಿನ ಸುದ್ದಿಯನ್ನೂ ಕೇಳಬೇಕಾಯಿತು. ನೀರು ಬಿಟ್ಟರೆ ದೋಣಿ ದಡದಲ್ಲೇ. ಆದರೂ ಈಚೆ ದಡದ ತಳವಾರಘಟ್ಟದಲ್ಲಿ ಶಾಲೆಯ ಮಕ್ಕಳು, ಮೂಟೆಗಳು, ಕೊನೆಗೆ ಮೋಟರ್ ಸೈಕಲ್ಲುಗಳೂ ಹರಿಗೋಲು ಹತ್ತಿದವು.

ತಳವಾರಘಟ್ಟದಿಂದ ಆನೆಗೊಂದಿಗೆ ಕೈಗೊಂಡ ಸೇತುವೆ ಕೆಲಸ ಹಂಪಿಯ ಪರಂಪರೆಯ ಪ್ರಶ್ನೆಯಿಂದ ನಿಂತುಹೋಯಿತು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿ, 2006ರಲ್ಲಿ ತೆಗೆಯಿತು. ಮತ್ತೆ ಶುರುವಾದ ಆ ಸೇತುವೆ 2009ರ ಜನವರಿ 22ರಂದು ಕುಸಿದು ಕಾರ್ಮಿಕರು ಅಸುನೀಗಿದರು. ಅವರಿಗೆ ನಮ್ಮ ನಮನ. ಮುಂದೆ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಎದ್ದಿತು. ಇಂದು ಬಸ್ಸು, ಭತ್ತದ ಲಾರಿಗಳು ನಿಮಿಷಗಳಲ್ಲಿ ದಾಟುತ್ತವೆ. ಹರಿಗೋಲು ಈಗ ಹೆಚ್ಚಾಗಿ ಪ್ರವಾಸಿಗರದು.

ಸೇತುವೆಗೆ ನಾವು ಕೃತಜ್ಞರು. ಅದಕ್ಕೂ ಮೊದಲು ದಾಟಿಸಿದವರಿಗೆ ಇನ್ನೂ ಹೆಚ್ಚು. ಪಾಯೆಸ್ ದೋಣಿಯ ಬಗ್ಗೆ ಬರೆದ, ಹುಟ್ಟು ಹಾಕಿದವನ ಹೆಸರು ಬರೆಯಲಿಲ್ಲ. ಆ ಕೆಲಸ ನಮ್ಮದು. ನಿಮ್ಮ ಮನೆಯ ಹಿರಿಯರಲ್ಲಿ ಅಂಬಿಗರಿದ್ದರೆ, ಅಥವಾ ನಿಮ್ಮ ಹಿರಿಯರನ್ನು ದಾಟಿಸಿದವರ ನೆನಪಿದ್ದರೆ, ಆ ಹೆಸರುಗಳನ್ನು ಇಂದೇ ಬರೆದಿಡಿ ಎಂದು ವಿನಂತಿಸುತ್ತೇವೆ.