ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತವರ ಚರಿತ್ರೆ

ಹೆಬ್ಬಾಳ ಮತ್ತು ಯಲಹಂಕದ ನಡುವೆ, ಬಳ್ಳಾರಿ ರಸ್ತೆಗೆ ಹೊಂದಿಕೊಂಡಂತೆ ಸಹಕಾರನಗರವಿದೆ. ಹೆಸರೇ ಹೇಳುವಂತೆ ಸಹಕಾರ ಸಂಘದ ದಾರಿಯಲ್ಲಿ ಬೆಳೆದ ಬಡಾವಣೆ. ಇವತ್ತು ಅದರ ದೊಡ್ಡ ರಸ್ತೆಗಳಲ್ಲಿ ನಡೆದರೆ ಔಷಧಿ ಅಂಗಡಿ, ಬೇಕರಿಗಳ ನಡುವೆ ಹಲ್ಲಿನ ಕ್ಲಿನಿಕ್‌ಗಳ ಬೋರ್ಡು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬೋರ್ಡಿನಲ್ಲಿರುವುದು ಡಾಕ್ಟರ ಹೆಸರು. ಒಳಗೆ ಅವರ ಪಕ್ಕದಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಅವರೇ ಡೆಂಟಲ್ ಅಸಿಸ್ಟೆಂಟ್.

‘ಮಗಳು ಪಿಯುಸಿ ಮುಗಿಸಿದ್ದಾಳೆ, ಆರು ತಿಂಗಳ ಡೆಂಟಲ್ ಕೋರ್ಸಿಗೆ ಸೇರಿಸೋಣವೇ?’ ಎಂಬ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದು. ದುಡ್ಡು ಕಟ್ಟುವ ಮೊದಲು ಈ ಕೆಲಸ ಎಲ್ಲಿಂದ ಬಂತು, ಕಾನೂನಿನಲ್ಲಿ ಅದರ ಜಾಗ ಎಲ್ಲಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಅದಕ್ಕೇ ನಾವು ಇದನ್ನು ಬರೆಯುತ್ತಿದ್ದೇವೆ.

ಈ ಕೆಲಸದ ಕಥೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಿಂದ ಶುರುವಾಗುತ್ತದೆ. 1885ರಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರು ಒಬ್ಬ ಮಹಿಳೆಯನ್ನು ಸಹಾಯಕಿಯಾಗಿ ನೇಮಿಸಿಕೊಂಡರು. ಆ ಕಾಲದಲ್ಲಿ ಹೆಂಗಸರು ಒಂಟಿಯಾಗಿ ಡಾಕ್ಟರ ಬಳಿ ಹೋಗುವುದು ಮರ್ಯಾದೆಯಲ್ಲ ಎಂಬ ಭಾವನೆ ಅಲ್ಲೂ ಇತ್ತು. ಒಳಗೆ ಒಬ್ಬ ಹೆಣ್ಣುಮಗಳಿದ್ದಾಳೆ ಎಂದರೆ ಗಂಡನೋ ಅಣ್ಣನೋ ಜೊತೆಗೆ ಬರಬೇಕಿರಲಿಲ್ಲ. ಕ್ರಮೇಣ ಕ್ಲಿನಿಕ್‌ಗಳ ಕಿಟಕಿಯಲ್ಲಿ ‘ಇಲ್ಲಿ ಮಹಿಳಾ ಸಹಾಯಕಿ ಇದ್ದಾರೆ’ ಎಂಬ ಫಲಕ ಬಂತು.

ಅದೇ ಕೆಲ್ಸ್ ಹಲ್ಲಿನ ಎಕ್ಸ್‌ರೇ ತೆಗೆಯಲು ಶುರು ಮಾಡಿದ ಮೊದಲಿಗರಲ್ಲೂ ಒಬ್ಬರು. ಅದರ ಅಪಾಯ ಆಗ ಯಾರಿಗೂ ಗೊತ್ತಿರಲಿಲ್ಲ. ಬರಿಗೈಯನ್ನು ಕಿರಣಕ್ಕೆ ಒಡ್ಡುತ್ತಾ ಹೋದ ಅವರಿಗೆ ಕ್ಯಾನ್ಸರ್ ಬಂತು. ಬೆರಳು ಹೋದವು, ಆಮೇಲೆ ತೋಳೂ ಹೋಯಿತು. 1928ರಲ್ಲಿ ತೀರಿಕೊಂಡರು. ಎಕ್ಸ್‌ರೇ ತೆಗೆಯುವಾಗ ರೋಗಿಯ ಬಾಯಲ್ಲಿ ಫಿಲ್ಮನ್ನು ಸಿಬ್ಬಂದಿ ಕೈಯಿಂದ ಹಿಡಿಯಬಾರದು ಎಂಬ ಪಾಠದ ಹಿಂದೆ ಇಂಥವರ ನೋವಿದೆ.

1924ರಲ್ಲಿ ಜೂಲಿಯೆಟ್ ಸೌದರ್ಡ್ ಎಂಬ ಸಹಾಯಕಿಯ ಮುಂದಾಳತ್ವದಲ್ಲಿ ಅಮೆರಿಕದ ಡೆಂಟಲ್ ಅಸಿಸ್ಟೆಂಟರು ತಮ್ಮದೇ ಸಂಘ ಕಟ್ಟಿದರು. ನಮಗೂ ತರಬೇತಿ ಬೇಕು, ನಮ್ಮದೂ ಒಂದು ವೃತ್ತಿ ಎಂಬುದು ಅವರ ಮಾತಾಗಿತ್ತು.

ಕೆಲಸದ ಸ್ವರೂಪ ಬದಲಾಗಿದ್ದು 1957ರ ನಂತರ. ಗಾಳಿಯ ಒತ್ತಡದಿಂದ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ಡ್ರಿಲ್ ಮಾರುಕಟ್ಟೆಗೆ ಬಂತು. ಆ ವೇಗಕ್ಕೆ ಹಲ್ಲು ಕಾಯುತ್ತದೆ, ಹಾಗಾಗಿ ನೀರು ಚಿಮ್ಮಿಸಲೇಬೇಕು. ಬಾಯಿ ತುಂಬುವ ನೀರನ್ನು ಸಕ್ಷನ್ ಪೈಪಿನಿಂದ ಹೀರುತ್ತಿರಲು ಇನ್ನೊಂದು ಜೊತೆ ಕೈ ಬೇಕಾಯಿತು. ಡಾಕ್ಟರ ಎರಡು ಕೈ, ಅಸಿಸ್ಟೆಂಟಿನ ಎರಡು ಕೈ ಸೇರಿ ‘ನಾಲ್ಕು ಕೈಗಳ ಚಿಕಿತ್ಸೆ’ ಎಂಬ ಹೆಸರೇ ಬಂತು. 1980ರ ದಶಕದಲ್ಲಿ ಎಚ್‌ಐವಿ ಭಯ ಹರಡಿದಾಗ ಗ್ಲೌಸು, ಮಾಸ್ಕು, ಉಪಕರಣಗಳ ಶುದ್ಧೀಕರಣ ಕಡ್ಡಾಯದ ಮಾತಾದವು. ಪ್ರೆಶರ್ ಕುಕ್ಕರಿನ ತತ್ವದಲ್ಲೇ ಕೆಲಸ ಮಾಡುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಉಗಿಯಲ್ಲಿ ಇಕ್ಕಳ, ಕನ್ನಡಿಗಳನ್ನು ಇಡುವುದು ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಅಸಿಸ್ಟೆಂಟಿನ ಕೆಲಸ. ಅಲ್ಲಿ ತಪ್ಪಿದರೆ ಒಬ್ಬರ ಸೋಂಕು ಇನ್ನೊಬ್ಬರಿಗೆ ಅಂಟುತ್ತದೆ.

ಇನ್ನು ನಮ್ಮ ದೇಶ. 1920ರಲ್ಲಿ ಡಾ. ರಫಿಯುದ್ದೀನ್ ಅಹ್ಮದ್ ಕಲ್ಕತ್ತಾದಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜು ತೆರೆದರು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ಶುರುವಾದದ್ದು 1958ರಲ್ಲಿ. ಸಹಕಾರನಗರದ ಸುತ್ತ ನೋಡಿದರೆ ಮತ್ತೀಕೆರೆ ಕಡೆಯ ರಾಮಯ್ಯ ಡೆಂಟಲ್ ಕಾಲೇಜು, ಯಲಹಂಕ ದಾಟಿ ಹುಣಸಮಾರನಹಳ್ಳಿಯ ಕೃಷ್ಣದೇವರಾಯ ಡೆಂಟಲ್ ಕಾಲೇಜು 1990ರ ದಶಕದ ಆರಂಭದಲ್ಲಿ ಬಂದವು. ಡಾಕ್ಟರು ಹೆಚ್ಚಿದರು, ಕ್ಲಿನಿಕ್ ಹೆಚ್ಚಿದವು, ಪಕ್ಕದಲ್ಲಿ ನಿಲ್ಲುವವರೂ ಬೇಕಾದರು.

ಆದರೆ ಕಾನೂನು ಏನು ಹೇಳಿತ್ತು? 1948ರ ದಂತವೈದ್ಯರ ಕಾಯ್ದೆ ಮೂವರನ್ನು ಗುರುತಿಸಿತು: ದಂತವೈದ್ಯ, ಹಲ್ಲು ಶುಚಿ ಮಾಡುವ ಹೈಜೀನಿಸ್ಟ್, ಕಟ್ಟುಹಲ್ಲು ತಯಾರಿಸುವ ಮೆಕ್ಯಾನಿಕ್. ಅಸಿಸ್ಟೆಂಟಿಗೆ ಅಲ್ಲಿ ಜಾಗವಿರಲಿಲ್ಲ. ಇನ್ನೊಂದು ಸಂಗತಿ ನೋಡಿ. ಡಿಗ್ರಿ ಇಲ್ಲದೆ ಕನಿಷ್ಠ ಐದು ವರ್ಷ ಹಲ್ಲಿನ ವೈದ್ಯ ಮಾಡಿಕೊಂಡು ಬಂದವರಿಗೂ ಆ ಕಾಯ್ದೆ ‘ಬಿ’ ಭಾಗದಲ್ಲಿ ನೋಂದಣಿಗೆ ಅವಕಾಶ ಕೊಟ್ಟಿತ್ತು. ಮಾಡುತ್ತಾ ಕಲಿತ ಡಾಕ್ಟರಿಗೆ ಸಿಕ್ಕ ಮನ್ನಣೆ ಮಾಡುತ್ತಾ ಕಲಿತ ಸಹಾಯಕಿಗೆ ಸಿಗಲಿಲ್ಲ. ಹತ್ತಾರು ವರ್ಷ ದುಡಿದವರ ಬಳಿಯೂ ತೋರಿಸಲು ಒಂದು ಕಾಗದವಿಲ್ಲದ ಸ್ಥಿತಿಗೆ ಇದೇ ಮೂಲ ಎಂದು ನಮಗನ್ನಿಸುತ್ತದೆ. ಕಾಗದವಿಲ್ಲದವರು ಸಂಬಳದ ಮಾತಾಡುವಾಗ ದನಿ ತಗ್ಗುತ್ತದೆ.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. ಕೇಂದ್ರದ ಕೌಶಲ ಯೋಜನೆಗಳಡಿ ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿ ಡೆಂಟಲ್ ಅಸಿಸ್ಟೆಂಟ್ ಹುದ್ದೆಗೆ ಪಠ್ಯ ರೂಪಿಸಿದೆ. 2023ರಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಡಾಕ್ಟರ ಜೊತೆಗೆ ದಂತ ಸಹಾಯಕ ಸಿಬ್ಬಂದಿಯ ನೋಂದಣಿಯ ಮಾತನ್ನೂ ಆಡುತ್ತದೆ.

ಹಾಗಾಗಿ ಸೇರುವ ಮೊದಲು ಈ ಪ್ರಶ್ನೆಗಳನ್ನು ಕೇಳಿ. ಸರ್ಟಿಫಿಕೇಟ್ ಕೊಡುವವರು ಯಾರು, ಸೆಂಟರಿನವರೇ ಅಚ್ಚು ಹಾಕಿಸಿದ್ದೋ, ಸರ್ಕಾರ ಮಾನ್ಯ ಮಾಡಿದ್ದೋ? ನಿಜವಾದ ಕ್ಲಿನಿಕ್ಕಿನಲ್ಲಿ ಎಷ್ಟು ದಿನ ಕಲಿಸುತ್ತೀರಿ? ಉಪಕರಣ ಮುಟ್ಟುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿಸುತ್ತೀರಾ? ಕಟ್ಟಿದ ದುಡ್ಡಿಗೆ ರಸೀದಿ ಕೊಡುತ್ತೀರಾ? ಇನ್ನೊಂದು ಮಾತು ನೆನಪಿರಲಿ: ಹೈಜೀನಿಸ್ಟ್ ಮತ್ತು ಮೆಕ್ಯಾನಿಕ್ ಕೋರ್ಸುಗಳು ಎರಡು ವರ್ಷದವು. ಕೆಲವು ತಿಂಗಳ ಅಸಿಸ್ಟೆಂಟ್ ತರಬೇತಿಯಿಂದ ರೋಗಿಯ ಹಲ್ಲು ಕ್ಲೀನ್ ಮಾಡುವ ಹಕ್ಕು ಬರುವುದಿಲ್ಲ. ಬರುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕೆಲಸ ಒಳ್ಳೆಯದೇ. ಕಲಿತ ಕೈಗೆ ಊರಿನ ಹತ್ತಿರದ ತಾಲ್ಲೂಕು ಪಟ್ಟಣದಲ್ಲೂ ಕೆಲಸ ಸಿಗಬಹುದು. ಕಲಿತದ್ದಕ್ಕೆ ಬೆಲೆಯುಳ್ಳ ಕಾಗದವೂ ಕೈಯಲ್ಲಿರಲಿ.