ಭಾರತ ಹೊರಗಿನಿಂದ ಆಹಾರ ತರಿಸುವುದೇ ಇಲ್ಲವೇ?

‘ನಮ್ಮದು ಕೃಷಿಪ್ರಧಾನ ದೇಶ, ತಿನ್ನುವ ವಸ್ತು ಯಾವುದೂ ಹೊರಗಿನಿಂದ ಬರಬೇಕಿಲ್ಲ’ ಎಂಬರ್ಥದ ಸಂದೇಶ ನಿಮಗೂ ಬಂದಿರಬಹುದು. ಅಕ್ಕಿಯ ಮಟ್ಟಿಗೆ ಇದು ನಿಜ, ಅದರ ರಫ್ತಿನಲ್ಲಿ ಭಾರತವೇ ಜಗತ್ತಿಗೆ ಮೊದಲು. ಬೇಳೆಗೆ ಬಂದರೆ ಕಲಬುರಗಿಯ ತೊಗರಿ ಸಾಲದೆ ಮ್ಯಾನ್ಮಾರ್, ಮೊಜಾಂಬಿಕ್‌ನಿಂದಲೂ ತರಿಸುತ್ತೇವೆ.

ಒಗ್ಗರಣೆಯ ಎಣ್ಣೆಯ ವಿಷಯದಲ್ಲಂತೂ ಆ ಸಂದೇಶ ಪೂರ್ತಿ ತಪ್ಪು. ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ; ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್‌ನಿಂದ; ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ರಷ್ಯಾ, ಉಕ್ರೇನ್‌ನಿಂದ. ಪ್ಯಾಕೆಟ್‌ಗೆ ತುಂಬುವುದು ಇಲ್ಲೇ ಆದ್ದರಿಂದ ಗೊತ್ತಾಗುವುದಿಲ್ಲ, ಅಷ್ಟೇ. ತಾಳೆ ಎಣ್ಣೆ ಕೊಳ್ಳುವುದೇ ಇಲ್ಲ ಎನ್ನುವವರು ಬಿಸ್ಕತ್ತಿನ ಪೊಟ್ಟಣದ ಹಿಂಬದಿ ಓದಿ ನೋಡಿ! 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ, ಆಮೇಲೆ ಇಂಡೋನೇಷ್ಯಾ ಸುಮಾರು ಮೂರು ವಾರ ರಫ್ತು ನಿಲ್ಲಿಸಿದಾಗ, ನಮ್ಮ ಅಂಗಡಿಗಳಲ್ಲಿ ಎಣ್ಣೆ ದುಬಾರಿಯಾಗಿದ್ದು ಇದಕ್ಕೇ.

ಹಾಗಾದರೆ ನಾವೇ ಬೆಳೆಯಬಾರದೇ? ಬೆಳೆದಿದ್ದೆವು. 1986ರಲ್ಲಿ ಶುರುವಾದ ಎಣ್ಣೆಕಾಳು ತಂತ್ರಜ್ಞಾನ ಮಿಷನ್‌ನಿಂದ 90ರ ದಶಕದ ಆರಂಭದಲ್ಲಿ ಬಹುತೇಕ ಸ್ವಾವಲಂಬಿಗಳಾಗಿದ್ದೆವು. ನಂತರ ಆಮದು ಸಡಿಲವಾಯಿತು, ಅಗ್ಗದ ತಾಳೆ ಎಣ್ಣೆ ಬಂತು. ಒಂದು ಎಕರೆ ತಾಳೆ ಕೊಡುವಷ್ಟು ಎಣ್ಣೆಯನ್ನು ಶೇಂಗಾ, ಸೂರ್ಯಕಾಂತಿ ಕೊಡಲಾರವು. ಮಳೆ ನಂಬಿದ ರೈತ ಆ ಬೆಲೆಗೆ ಪೈಪೋಟಿ ಕೊಡುವುದು ಹೇಗೆ? ಸೂರ್ಯಕಾಂತಿಗೆ ಹೆಸರಾದ ಉತ್ತರ ಕರ್ನಾಟಕದಲ್ಲೇ ಎಷ್ಟೋ ಹೊಲಗಳು ಮೆಕ್ಕೆಜೋಳಕ್ಕೆ ತಿರುಗಿದವು.

ಸುಂಕ ಏರಿಸಿದರೆ ರೈತನಿಗೆ ಆಸರೆ, ಅಡುಗೆಮನೆಗೆ ಹೊರೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈ ಮೂರೂ ಎಣ್ಣೆಗಳ ಸಂಸ್ಕರಿಸದ ರೂಪಕ್ಕೆ ಶೇ. 20 ಮೂಲ ಸುಂಕ ಹಾಕಿತು. 2025ರ ಮೇ ಕೊನೆಯಲ್ಲಿ ಅದನ್ನು ಶೇ. 10ಕ್ಕೆ ಇಳಿಸಿತು.