ಬಚ್ಚಲ ನೀರಿನ ಮರುಬಳಕೆ

ಸ್ನಾನ, ಬಟ್ಟೆ ಒಗೆತಗಳಿಂದ ಬರುವ, ಶೌಚದ ನೀರು ಬೆರೆಯದ ಬೂದುನೀರನ್ನು ಮನೆಯಂಗಳದಲ್ಲೇ ಸೋಸಿ ಗಿಡಗಳಿಗೆ ಹಾಯಿಸುವ ಕ್ರಮ. ಮಲೆನಾಡು, ಕರಾವಳಿಯ ಹಿತ್ತಿಲುಗಳಲ್ಲಿ ಬಾಳೆ, ಕೆಸು, ತೆಂಗಿನ ಬುಡಕ್ಕೆ ಬಚ್ಚಲ ನೀರು ಬಿಡುವ ರೂಢಿ ಹಳೆಯದು. ಈಗಿನ ವಿಧಾನದಲ್ಲಿ ನೀರು ಮೊದಲು ಕೂದಲು, ಜಿಡ್ಡು ತಡೆಯುವ ಸಣ್ಣ ತೊಟ್ಟಿಗೆ ಬಂದು, ಬಳಿಕ ಜಲ್ಲಿ ತುಂಬಿ ಕಾಬಾಳೆ, ಜೊಂಡು ನೆಟ್ಟ ಪಾತಿಯೊಳಗೆ ನಿಧಾನವಾಗಿ ಸಾಗುತ್ತದೆ. ಕೊಳೆ ಕಳೆಯುವುದರಲ್ಲಿ ಗಿಡಕ್ಕಿಂತ ಹೆಚ್ಚಿನ ಪಾಲು ಜಲ್ಲಿಗೂ ಬೇರಿಗೂ ಅಂಟಿ ಬೆಳೆಯುವ ಸೂಕ್ಷ್ಮಜೀವಿಗಳದು. ನೀರಿನ ಮಟ್ಟ ಜಲ್ಲಿಯ ಕೆಳಗೇ ಇದ್ದರೆ ಸೊಳ್ಳೆಗೆ ಎಡೆಯಿಲ್ಲ; ತೊಟ್ಟಿಯಲ್ಲಿ 24 ಗಂಟೆ ಮೀರಿ ನಿಂತರೆ ನಾರತೊಡಗುತ್ತದೆ. ಸೋಡಿಯಂ ಹೆಚ್ಚಿರುವ ಸೋಪಿನ ಪುಡಿ ಕಾಲಕ್ರಮದಲ್ಲಿ ಮಣ್ಣನ್ನು ಬಿಗಿಗೊಳಿಸುವುದರಿಂದ ಸೋಪಿನ ಆಯ್ಕೆ ಪಾತಿ ಕಟ್ಟುವಷ್ಟೇ ಮುಖ್ಯ. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಈ ನೀರು ಸಲ್ಲದು.